ಉಗ್ಗುವವರ ಬಾಯಿಂದ ಪದ ಕಸಿಯಬೇಡಿ

ಮಾನ್ಯ ಸಂಪಾದಕರೇ,

ಪ್ರಾಜೆಕ್ಟ್ ವೈವಾ (ಮೌಖಿಕ ಪರೀಕ್ಷೆ), ಪ್ರಾಯೋಗಿಕ ಪರೀಕ್ಷೆ, ಕ್ಯಾಂಪಸ್ ಸಂದರ್ಶನಗಳ ಕಾಲ ಬಂದಿದೆ. ಉಗ್ಗುವ ವಿದ್ಯಾರ್ಥಿಗಳಿಗೆ ವರ್ಷದಲ್ಲಿ ಇದಕ್ಕಿಂತ ಕಷ್ಟದ ದಿನಗಳಿಲ್ಲ. ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವ ಈ ಮಕ್ಕಳ ಪರವಾಗಿ, ಮೇಜಿನ ಆಚೆ ಕೂರುವವರಿಗೆ ಗೊತ್ತಿರಲೇಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇವೆ. ಬಸ್ ಕಂಡಕ್ಟರ್, ಬ್ಯಾಂಕಿನ ಗುಮಾಸ್ತರು, ಒಂದನೇ ತರಗತಿಯ ಟೀಚರ್, ಮನೆಯಲ್ಲಿರುವ ಅಜ್ಜಿ ತಾತ ಇವರಿಗೂ ಇವು ಬೇಕಾದವೇ.

ಉಗ್ಗು ಮೂರು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ಅಕ್ಷರ ಮರುಕಳಿಸುವುದು: ‘ಕ-ಕ-ಕಮಲ’. ಇನ್ನೊಂದು, ಧ್ವನಿ ಎಳೆಯುವುದು: ‘ಸ್‌ಸ್‌ಸ್‌ಸರಿ’. ಮೂರನೆಯದು ತಡೆ. ನಾಲಿಗೆಯೋ ತುಟಿಯೋ ಅಕ್ಷರಕ್ಕೆ ಸಜ್ಜಾಗಿ ನಿಂತಿರುತ್ತದೆ, ಧ್ವನಿ ಮಾತ್ರ ಹೊರಡುವುದಿಲ್ಲ. ಮೊದಲೆರಡು ಕಿವಿಗೆ ಬೀಳುತ್ತವೆ, ಹಾಗಾಗಿ ಎದುರಿನವರಿಗೆ ಇದು ಉಗ್ಗು ಎಂದು ತಿಳಿಯುತ್ತದೆ. ಮೂರನೆಯದು ಕೇಳುವವರಿಗೆ ಬರೀ ಮೌನ. ಪರೀಕ್ಷಕರು ‘ಉತ್ತರ ಬರಲಿಲ್ಲ’ ಎಂದು ಅಂಕ ಹಾಕುವುದು, ಫೋನಿನ ಆ ಕಡೆಯವರು ಲೈನ್ ಸತ್ತಿದೆ ಎಂದು ಇಟ್ಟುಬಿಡುವುದು, ವಿಚಾರಿಸುವ ಪೊಲೀಸರು ‘ನಿನ್ನ ಹೆಸರು ಹೇಳೋಕೆ ಯಾಕಿಷ್ಟು ಯೋಚನೆ’ ಎಂದು ಗುಮಾನಿ ಪಡುವುದು, ಎಲ್ಲವೂ ಈ ತಡೆಯ ಹೊತ್ತಿನಲ್ಲಿ. ಹೆಚ್ಚಿನ ತಡೆಗಳು ಒಂದೆರಡು ಸೆಕೆಂಡಿನಲ್ಲಿ ಬಿಟ್ಟುಕೊಳ್ಳುತ್ತವೆ. ಗಟ್ಟಿಯಾದವು ಹತ್ತು ಸೆಕೆಂಡು ದಾಟುವುದೂ ಉಂಟು. ಅಷ್ಟು ಹೊತ್ತು ಕಾಯುವುದನ್ನು ಕಲಿತರೆ ಅರ್ಧ ಅನ್ಯಾಯ ನಿಂತೀತು.

ವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರು ಉಗ್ಗುತ್ತಾರೆ, ಅವರಲ್ಲಿ ಗಂಡಸರು ಹೆಂಗಸರಿಗಿಂತ ಸುಮಾರು ನಾಲ್ಕು ಪಟ್ಟು. 2011ರ ಜನಗಣತಿಯಲ್ಲೇ ಆರು ಕೋಟಿ ದಾಟಿದ್ದ ನಮ್ಮ ರಾಜ್ಯದಲ್ಲಿ ಇದು ಲಕ್ಷಗಳ ಲೆಕ್ಕ. ಕಾರಣ ಭಯವಲ್ಲ, ಬುದ್ಧಿ ಕಮ್ಮಿಯಾದದ್ದಲ್ಲ, ಯಾರನ್ನೋ ಅಣಕಿಸಿ ಅಂಟಿಸಿಕೊಂಡದ್ದೂ ಅಲ್ಲ. ಮಾತಿನ ಸ್ನಾಯುಗಳಿಗೆ ಯಾವಾಗ ಹೊರಡಬೇಕೆಂಬ ಸನ್ನೆ ಕೊಡುವ ಮೆದುಳಿನ ಜಾಲ ಇವರಲ್ಲಿ ಸ್ವಲ್ಪ ಬೇರೆ ರೀತಿ ಕೆಲಸ ಮಾಡುತ್ತದೆ. ಮೆದುಳಿನ ಎಡಭಾಗದಲ್ಲಿ ಯೋಜನೆ ಮತ್ತು ಚಲನೆಯ ಕೇಂದ್ರಗಳನ್ನು ಜೋಡಿಸುವ ನರತಂತುಗಳಲ್ಲಿ ವ್ಯತ್ಯಾಸವಿರುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಎಷ್ಟೋ ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಉಗ್ಗಿನ ಜೊತೆ ನಂಟಿರುವ ಮೂರು ಜೀನ್‌ಗಳನ್ನು 2010ರಲ್ಲಿ ಗುರುತಿಸಿದರು. ಭಯವು ಉಗ್ಗನ್ನು ಹೆಚ್ಚಿಸುತ್ತದೆ ಎಂಬುದು ನಿಜ, ಆದರೆ ಆ ಭಯ ಉಗ್ಗಿನ ಹಿಂದೆ ಬಂದದ್ದು, ಮುಂದೆ ಹೋದದ್ದಲ್ಲ.

ಸನ್ನೆಯದೇ ತೊಂದರೆ ಎನ್ನುವುದಕ್ಕೆ ಸಾಕ್ಷಿ ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲೇ ಇದೆ. ತೀವ್ರವಾಗಿ ಉಗ್ಗುವ ಹುಡುಗನೂ ನಾಡಗೀತೆಯನ್ನು ಎಲ್ಲರ ಜೊತೆ ಎಡವದೆ ಹಾಡುತ್ತಾನೆ. ಹಾಡಿನಲ್ಲಿ ಲಯ ಹೊರಗಿನಿಂದ ಸಿಗುತ್ತದೆ, ಪದ ಮೊದಲೇ ನಿಗದಿಯಾಗಿರುತ್ತದೆ, ಧ್ವನಿ ಕಡಿಯದೆ ಹರಿಯುತ್ತದೆ. ಗುಂಪಿನಲ್ಲಿ ಒಟ್ಟಿಗೆ ಓದುವಾಗಲೂ ಹೀಗೇ. ಇದನ್ನು ನೋಡಿದ ಶಿಕ್ಷಕರು ‘ಹಾಡೋಕೆ ಬರುತ್ತೆ, ಪಾಠ ಓದೋಕೆ ಬರಲ್ವಾ, ನಾಟಕ ಆಡ್ತೀಯಾ’ ಎಂದು ಕೇಳಿದರೆ ಆ ಮಗುವಿನ ಬಳಿ ಉತ್ತರವಿರುವುದಿಲ್ಲ. ಉಗ್ಗು ದಿನದಿಂದ ದಿನಕ್ಕೆ ಏರಿಳಿಯುತ್ತದೆ ಎನ್ನುವುದೂ ಇಂಥದೇ ಅನುಮಾನಕ್ಕೆ ಎಡೆ ಮಾಡುತ್ತದೆ. ಸೋಮವಾರ ಸಲೀಸಾಗಿ ಮಾತಾಡಿದವಳು ಮಂಗಳವಾರ ಒಂದು ವಾಕ್ಯ ಮುಗಿಸಲಾರದೆ ಹೋಗಬಹುದು. ಅದು ಉಗ್ಗಿನ ಸ್ವಭಾವ.

ಈಗ ಕೇಳುವವರ ವಿಷಯ. ಒಳ್ಳೆಯ ಮನಸ್ಸಿನಿಂದ ಜನ ಮಾಡುವ ತಪ್ಪುಗಳಲ್ಲಿ ದೊಡ್ಡದು, ಸಿಕ್ಕಿಹಾಕಿಕೊಂಡ ಪದವನ್ನು ತಾವೇ ಹೇಳಿಬಿಡುವುದು. ಊಹೆ ತಪ್ಪಾದರೆ ಮಾತಾಡುವವರು ಅದನ್ನು ಅಲ್ಲಗಳೆದು ವಾಕ್ಯವನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು. ಉಗ್ಗು ಹೆಚ್ಚು ಬರುವುದೇ ವಾಕ್ಯದ ಮೊದಲಲ್ಲಿ, ಪದದ ಮೊದಲ ಅಕ್ಷರದಲ್ಲಿ. ಅಂದರೆ ದಾಟಿ ಬಂದ ಹೊಳೆಯನ್ನೇ ಮತ್ತೆ ದಾಟಿಸಿದ ಹಾಗೆ. ಊಹೆ ಸರಿಯಾದರೂ ಲಾಭವಿಲ್ಲ. ‘ನನಗಾಗಿ ಇವರು ಕಾಯುವುದಿಲ್ಲ’ ಎಂಬ ಅವಸರ ಮುಂದಿನ ವಾಕ್ಯದಲ್ಲಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

‘ನಿಧಾನ, ನಿಧಾನವಾಗಿ ಹೇಳು’ ಎನ್ನುವುದು ಎರಡನೆಯದು. ವೇಗ ಇಲ್ಲಿ ಮೂಲ ತೊಂದರೆಯಲ್ಲ. ಮಾತು ಹೊರಡಿಸುವ ಕೆಲಸದಲ್ಲೇ ಸೋಲುತ್ತಿರುವವರಿಗೆ ವೇಗ ಗಮನಿಸುವ ಇನ್ನೊಂದು ಕೆಲಸ ಕೊಟ್ಟಂತಾಗುತ್ತದೆ. ‘ಜೋರಾಗಿ ಉಸಿರು ತಗೊಂಡು ಹೇಳು’ ಎನ್ನುವ ಸಲಹೆಯಿಂದ ಹಾನಿ ಇನ್ನೂ ಹೆಚ್ಚು. ಎದೆ ತುಂಬ ಗಾಳಿ ಎಳೆದು ಹಿಡಿದರೆ ಗಂಟಲಲ್ಲಿ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ, ತಡೆ ಗಟ್ಟಿಯಾಗುತ್ತದೆ. ಹೀಗೆ ಹೇಳಿಸಿಕೊಂಡ ಎಷ್ಟೋ ಮಕ್ಕಳಲ್ಲಿ ಪ್ರತಿ ಪದಕ್ಕೂ ಏದುಸಿರು ಎಳೆಯುವ ಚಾಳಿ ಉಗ್ಗಿನ ಮೇಲೊಂದು ಹೊರೆಯಾಗಿ ಕೂತುಬಿಡುತ್ತದೆ. ಕಣ್ಣು ಬಿಗಿದು ಮುಚ್ಚುವುದು, ತೊಡೆ ತಟ್ಟುವುದು, ತಲೆ ಕೊಡವುವುದು ಕೂಡ ಹೀಗೇ ಹುಟ್ಟಿದವು. ಯಾವತ್ತೋ ಒಮ್ಮೆ ತಲೆ ಕೊಡವಿದಾಗ ಪದ ಹೊರಬಂದಿರುತ್ತದೆ. ಅದನ್ನೇ ಮತ್ತೆ ಮತ್ತೆ ಮಾಡಿ ಅಭ್ಯಾಸವಾಗುತ್ತದೆ. ದಿನ ಕಳೆದಂತೆ ಉಪಾಯದ ಬಲ ಹೋಗಿ ತಲೆ ಕೊಡವುವುದು ಮಾತ್ರ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಬೇರೆಯವರ ಜೊತೆ ಮಾತಾಡುವಾಗ ಎಷ್ಟು ಕಣ್ಣಲ್ಲಿ ಕಣ್ಣಿಡುತ್ತೀರೋ ಇಲ್ಲೂ ಅಷ್ಟೇ. ತುಟಿಯನ್ನೇ ದಿಟ್ಟಿಸಬೇಡಿ, ಮೊಬೈಲಿನ ಕಡೆಗೂ ತಿರುಗಬೇಡಿ. ವಾಕ್ಯ ಮುಗಿಯುವ ತನಕ ಸುಮ್ಮನಿರಿ. ಮುಗಿದ ಮೇಲೆ ಹೇಳಿದ ವಿಷಯಕ್ಕೆ ಉತ್ತರ ಕೊಡಿ, ಹೇಳಿದ ರೀತಿಗಲ್ಲ. ‘ಪರವಾಗಿಲ್ಲ, ಇವತ್ತು ಚೆನ್ನಾಗಿ ಮಾತಾಡಿದಿರಿ’ ಎಂಬ ಮೆಚ್ಚುಗೆಯೂ ಬೇಡ. ಉಗ್ಗದ ದಿನಕ್ಕೆ ಬಹುಮಾನ ಸಿಕ್ಕರೆ ಉಗ್ಗಿದ ದಿನ ಬಾಯಿ ತೆರೆಯುವುದೇ ಬೇಡ ಎನಿಸುತ್ತದೆ.

ಬಚ್ಚಿಡುವುದು ಇಲ್ಲಿಂದ ಶುರುವಾಗುತ್ತದೆ, ಹೊರಗಿನವರಿಗೆ ಕಾಣದ ಭಾಗವೂ ಇದೇ. ಕಷ್ಟದ ಅಕ್ಷರ ಬರುತ್ತಿದೆ ಎಂದು ಎರಡು ಮೂರು ಪದ ಮೊದಲೇ ತಿಳಿದು ಪದ ಬದಲಾಯಿಸುವುದರಲ್ಲಿ ಇವರು ಪಳಗಿರುತ್ತಾರೆ. ‘ಪುಸ್ತಕ’ ಸಿಕ್ಕಿಕೊಳ್ಳುತ್ತದೆ ಎನಿಸಿದರೆ ‘ಬುಕ್ಕು’, ಅದೂ ಬೇಡವೆಂದರೆ ‘ಅದು, ಓದೋದು’. ಪದಕ್ಕೆ ಮೊದಲು ‘ಅಂದ್ರೆ’, ‘ಅದೇನಂದ್ರೆ’ ಎಂಬ ಊರುಗೋಲು. ಬನಶಂಕರಿಗೆ ಹೋಗಬೇಕಾದವರು ಬಾಯಿಗೆ ಸಲೀಸಾದ ಜಯನಗರಕ್ಕೆ ಟಿಕೆಟ್ ಕೇಳಿ ಇಳಿದು ಮುಂದಕ್ಕೆ ನಡೆಯುತ್ತಾರೆ. ಮಹಿಳೆಯರಿಗೆ ಪ್ರಯಾಣ ಉಚಿತವಾದರೂ ಶೂನ್ಯ ಟಿಕೆಟ್ ಹರಿಯಲು ಕಂಡಕ್ಟರ್‌ಗೆ ಊರಿನ ಹೆಸರು ಹೇಳಲೇಬೇಕು, ಹಿಂದೆ ಜನ ನೂಕುತ್ತಿರುತ್ತಾರೆ. ಊರಿನ ಹೆಸರನ್ನು ಮೊಬೈಲಿನಲ್ಲಿ ಬರೆದು ತೋರಿಸುವವರಿದ್ದಾರೆ. ತೋರಿಸಿದರೆ ‘ಬಾಯಿಲ್ವಾ’ ಎನ್ನದೆ ಟಿಕೆಟ್ ಕೊಡುವಷ್ಟು ಮಾತ್ರ ಕಂಡಕ್ಟರುಗಳಿಂದ ಬೇಕಾದದ್ದು. ಬದಲಾಯಿಸಲು ಸಾಧ್ಯವೇ ಇಲ್ಲದ ಪದವೆಂದರೆ ಸ್ವಂತ ಹೆಸರು. ಆದ್ದರಿಂದಲೇ ಅನೇಕರಿಗೆ ಎಲ್ಲಕ್ಕಿಂತ ಕಷ್ಟದ ಪದ ಅದೇ. ಬ್ಯಾಂಕಿನ ಫೋನ್ ಸಹಾಯವಾಣಿ ಮೊದಲು ಕೇಳುವುದೂ ಅದನ್ನೇ. ಚೆನ್ನಾಗಿ ಬಚ್ಚಿಡಬಲ್ಲವರು ಉಗ್ಗುವುದನ್ನು ಸಹೋದ್ಯೋಗಿಗಳು ವರ್ಷಗಟ್ಟಲೆ ಕೇಳಿಯೇ ಇರುವುದಿಲ್ಲ. ‘ಅವರು ಮಾತು ಕಮ್ಮಿ’ ಎಂದಷ್ಟೇ ತಿಳಿದಿರುತ್ತಾರೆ. ಬಡ್ತಿಗೆ ಬೇಡವೆಂದರೆ, ಸಭೆಯಲ್ಲಿ ತಮ್ಮದೇ ಯೋಚನೆಯನ್ನು ಬೇರೆಯವರ ಬಾಯಲ್ಲಿ ಹೇಳಿಸಿದರೆ, ಕಾರಣ ಅಲ್ಲಿರುತ್ತದೆ.

ಪರೀಕ್ಷಕರಿಗೆ ಮತ್ತು ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ ನಮ್ಮ ಕೋರಿಕೆ ಇಷ್ಟು. ವೈವಾಕ್ಕೆ ಹತ್ತು ನಿಮಿಷವಿದ್ದರೆ ಉಗ್ಗುವ ವಿದ್ಯಾರ್ಥಿಗೆ ಹದಿನೈದು ಇಪ್ಪತ್ತು ನಿಮಿಷ ಕೊಡಿ. ಸೂತ್ರ, ಚಿತ್ರ, ಮುಖ್ಯ ಪದಗಳನ್ನು ಹಾಳೆಯಲ್ಲೋ ಬೋರ್ಡಿನಲ್ಲೋ ಬರೆಯಲು ಬಿಡಿ. ಆದರೆ ‘ಎಲ್ಲ ಬರೆದೇ ಕೊಟ್ಟುಬಿಡು’ ಎಂದು ಕೇಳದೆ ನಿರ್ಧರಿಸಬೇಡಿ, ಮಾತಾಡುವ ಹಕ್ಕನ್ನೇ ಕಿತ್ತುಕೊಂಡಂತಾಗುತ್ತದೆ. ಯಾವುದು ಅನುಕೂಲವೆಂದು ಪರೀಕ್ಷೆಗೆ ಕೆಲವು ದಿನ ಮೊದಲು ಪ್ರತ್ಯೇಕವಾಗಿ ಕೇಳಿ. ಕಾದು ಕೂತಷ್ಟೂ ಬಿಗಿತ ಹೆಚ್ಚುವುದರಿಂದ ಹಲವರು ಮೊದಲ ಸರದಿ ಬಯಸುತ್ತಾರೆ. ಅಂಕಪಟ್ಟಿಯಲ್ಲಿ ‘ಸಂವಹನ’ ಎಂಬ ಕಾಲಂ ಇದ್ದರೆ ನೋಡಬೇಕಾದದ್ದು ಹೇಳಿದ್ದು ಕ್ರಮವಾಗಿತ್ತೇ, ಅರ್ಥವಾಯಿತೇ ಎಂಬುದನ್ನು. ಉಗ್ಗಿಗೆ ಅಲ್ಲಿ ಅಂಕ ಕಡಿಯುವುದು ಕುಂಟುವವರಿಗೆ ಗಣಿತದಲ್ಲಿ ಅಂಕ ಕಡಿಯುವಷ್ಟೇ ಅನ್ಯಾಯ. ಗುಂಪು ಚರ್ಚೆಯಲ್ಲಿ ನಡುವೆ ನುಗ್ಗಿ ಮಾತು ಶುರುಮಾಡಬೇಕು. ಶುರುವೇ ಕಷ್ಟವಾದವರಿಗೆ ಅದು ಸೋಲಲೆಂದೇ ಇಟ್ಟಂತಿರುತ್ತದೆ, ಬದಲಿಗೆ ಒಬ್ಬರೇ ಐದು ನಿಮಿಷ ವಿಷಯ ಮಂಡಿಸಲಿ. ಈಚೆಗೆ ಕಂಪನಿಗಳು ಬಳಸುವ ಕಂಪ್ಯೂಟರ್ ಧ್ವನಿ ಪರೀಕ್ಷೆಗಳ ಮೇಲಂತೂ ಕಣ್ಣಿಡಲೇಬೇಕು. ನಡುವಿನ ಮೌನ, ಮರುಕಳಿಕೆ, ವೇಗ ಇವನ್ನೇ ಎಣಿಸಿ ಅಂಕ ಕೊಡುವ ಯಂತ್ರಕ್ಕೆ ತಡೆ ಎಂದರೇನೆಂದು ತಿಳಿಯದು. ಉಗ್ಗುವ ಅಭ್ಯರ್ಥಿಗೆ ಮನುಷ್ಯರೇ ಸಂದರ್ಶನ ಮಾಡಬೇಕೆಂದು ಕಾಲೇಜು ಮೊದಲೇ ಲಿಖಿತವಾಗಿ ಕೇಳಬಹುದು.

ಇದಕ್ಕೆ ಅಂಗವಿಕಲರ ಪ್ರಮಾಣಪತ್ರ ತನ್ನಿ ಎನ್ನುವ ಸಂಸ್ಥೆಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ‘ಮಾತು ಮತ್ತು ಭಾಷಾ ವೈಕಲ್ಯ’ ಇದೆ. ಆದರೆ ಅದರ ವಿವರಣೆಯಲ್ಲಿ ಉದಾಹರಣೆಯಾಗಿ ಕೊಟ್ಟಿರುವುದು ಗಂಟಲಪೆಟ್ಟಿಗೆ ತೆಗೆಸಿಕೊಂಡವರನ್ನು ಮತ್ತು ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವುದು) ಆದವರನ್ನು, ಉಗ್ಗಿನ ಹೆಸರಿಲ್ಲ. ಹಾಗಾಗಿ ಪ್ರಮಾಣಪತ್ರ ಸುಲಭವಾಗಿ ಸಿಗುವಂಥದಲ್ಲ. ಹತ್ತು ನಿಮಿಷ ಹೆಚ್ಚು ಕೊಡಲು ಪ್ರಮಾಣಪತ್ರ ಬೇಕಿಲ್ಲ, ವಾಕ್ ಚಿಕಿತ್ಸಕರ ಒಂದು ಪತ್ರ ಸಾಕೆಂದು ವಿಶ್ವವಿದ್ಯಾಲಯಗಳು ಸುತ್ತೋಲೆ ಹೊರಡಿಸಲಿ.

ಶಾಲೆಯಲ್ಲಿ ಹಾಜರಿಯಿಂದಲೇ ಶುರುಮಾಡಬಹುದು. ‘ಪ್ರೆಸೆಂಟ್ ಮಿಸ್’ ಎನ್ನಲೇಬೇಕೆಂದು ಕಾಯುವ ಬದಲು ಇಡೀ ತರಗತಿಗೆ ಕೈ ಎತ್ತಿದರೆ ಸಾಕೆಂದು ಹೇಳಿ. ಒಂದೇ ಮಗುವಿಗೆ ವಿನಾಯಿತಿ ಕೊಟ್ಟರೆ ಎಲ್ಲರ ಕಣ್ಣು ಅದರ ಮೇಲೆ. ಗಟ್ಟಿಯಾಗಿ ಓದಿಸುವಾಗ ಇಬ್ಬಿಬ್ಬರನ್ನು ಜೋಡಿಯಾಗಿ ಓದಿಸಿ. ಜೊತೆದನಿಯಲ್ಲಿ ಉಗ್ಗು ತಾನಾಗಿ ಇಳಿಯುತ್ತದೆ, ಓದಿನ ಮಟ್ಟವೂ ಸರಿಯಾಗಿ ತಿಳಿಯುತ್ತದೆ. ಅಣಕಿಸುವ ಮಕ್ಕಳನ್ನು ಉಗ್ಗುವ ಮಗುವಿನ ಎದುರೇ ನಿಲ್ಲಿಸಿ ಬೈಯಬೇಡಿ, ಬೇರೆಯಾಗಿ ಕರೆದು ಹೇಳಿ. ಕನ್ನಡ, ಉರ್ದು, ತುಳು, ಕೊಂಕಣಿ ಮನೆಮಾತಿನ ಮಗು ಇಂಗ್ಲಿಷ್ ಶಾಲೆಗೆ ಬಂದು ಉಗ್ಗಿದರೆ ‘ಮನೆಯಲ್ಲೂ ಇಂಗ್ಲಿಷೇ ಮಾತಾಡಿ’ ಎಂದು ಪೋಷಕರಿಗೆ ಹೇಳುವುದನ್ನಂತೂ ನಿಲ್ಲಿಸಿ. ಎರಡು ಭಾಷೆಯಿಂದ ಉಗ್ಗು ಹುಟ್ಟುವುದಿಲ್ಲ. ಮನೆಮಾತು ಬಿಡಿಸಿದರೆ ಅಜ್ಜಿಯ ಜೊತೆಗಿನ ಮಾತೂ ಹೋಯಿತು, ಅಷ್ಟೇ.

ಚಿಕ್ಕ ಮಕ್ಕಳಲ್ಲಿ ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ, ನಾಲ್ವರಲ್ಲಿ ಮೂವರಿಗೆ ತಾನಾಗಿ ಹೋಗುತ್ತದೆ. ‘ನಂಗೆ ನಂಗೆ ಚಾಕೊಲೇಟ್ ಬೇಕು’ ಎಂದು ಇಡೀ ಪದವನ್ನು ಸಲೀಸಾಗಿ ಒಂದೆರಡು ಸಲ ಹೇಳುವುದು ಮಾತು ಕಲಿಯುವ ವಯಸ್ಸಿನ ಸಹಜ ತಡವರಿಕೆ. ‘ಬ-ಬ-ಬ-ಬೇಕು’ ಎಂದು ಅಕ್ಷರವೇ ಮೂರು ನಾಲ್ಕು ಸಲ ಮರಳಿದರೆ, ಎಳೆತ ಅಥವಾ ತಡೆ ಕಂಡರೆ, ಮುಖ ಬಿಗಿದರೆ, ಅದು ಉಗ್ಗು. ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗುವವರಿದ್ದರೆ, ಗಂಡುಮಗುವಾಗಿದ್ದರೆ, ಮೂರೂವರೆ ವರ್ಷದ ನಂತರ ಶುರುವಾಗಿದ್ದರೆ, ಆರು ತಿಂಗಳು ಕಳೆದರೂ ಇಳಿಯದಿದ್ದರೆ, ಉಳಿದುಕೊಳ್ಳುವ ಸಂಭವ ಹೆಚ್ಚು. ‘ದೊಡ್ಡವನಾದರೆ ಸರಿಹೋಗುತ್ತೆ’ ಎಂದು ಇಂಥ ಮಗುವನ್ನು ಶಾಲೆಗೆ ಸೇರುವ ತನಕ ಬಿಡಬಾರದು. ಆರು ವರ್ಷದೊಳಗಿನ ಮಕ್ಕಳಿಗೆ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪಿಸಿದ ಲಿಡ್‌ಕಂಬ್ ವಿಧಾನದಲ್ಲಿ ಚಿಕಿತ್ಸೆ ನಡೆಸುವುದು ತಂದೆ ತಾಯಿಯೇ. ದಿನಕ್ಕೆ ಹತ್ತು ಹದಿನೈದು ನಿಮಿಷದ ಆಟದಲ್ಲಿ ಸಲೀಸಾದ ಮಾತನ್ನು ಹಲವು ಸಲ ಗುರುತಿಸಿ ಹೇಳಿ, ಉಗ್ಗಿದ್ದನ್ನು ಅಪರೂಪಕ್ಕೆ ಮೆಲ್ಲಗೆ ಎತ್ತಿ ತೋರಿಸುವುದು. ದೊಡ್ಡವರ ಜೊತೆ ಮಾತಾಡುವಾಗ ಇಂಥ ಮೆಚ್ಚುಗೆ ಬೇಡ ಎಂದೆವು. ಇದು ಎಳೆಯ ಮಕ್ಕಳಿಗೆ, ಅದೂ ಚಿಕಿತ್ಸಕರು ವಾರವಾರ ನೋಡಿ ಅಳತೆ ಹೇಳಿಕೊಡುವ ಕ್ರಮ. ಯೂಟ್ಯೂಬ್ ನೋಡಿ ಶುರುಮಾಡಿದರೆ ತಿದ್ದುವುದು ಹೆಚ್ಚಾಗಿ ಮಗು ಮಾತು ನಿಲ್ಲಿಸಬಹುದು. ಚಿಕಿತ್ಸಕರು ಸಿಗುವ ತನಕ ಮನೆಯವರು ಮಾಡಬಹುದಾದದ್ದು ತಮ್ಮ ಮಾತನ್ನು ನಿಧಾನಿಸುವುದು, ಮಗು ಮುಗಿಸಿದ ಮೇಲೆ ಒಂದು ಕ್ಷಣ ಬಿಟ್ಟು ಉತ್ತರಿಸುವುದು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕದಿರುವುದು, ನೆಂಟರ ಎದುರು ‘ಪದ್ಯ ಹೇಳು’ ಎಂದು ನಿಲ್ಲಿಸದಿರುವುದು.

ಟೀಕೆ ಏನು ಮಾಡುತ್ತದೆ ಎನ್ನುವುದಕ್ಕೆ ಕಹಿಯಾದ ಒಂದು ದಾಖಲೆ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ತಿಂಗಳುಗಟ್ಟಲೆ ‘ನೀನು ಉಗ್ಗುತ್ತೀಯ, ಸರಿಯಾಗಿ ಬರುವಂತಿದ್ದರೆ ಮಾತ್ರ ಮಾತಾಡು’ ಎಂದು ಹೇಳಲಾಯಿತು. ಮಕ್ಕಳು ಉಗ್ಗುವವರಾಗಲಿಲ್ಲ, ಆದರೆ ಬಾಯಿ ಮುಚ್ಚಿದರು, ಓದಿನಲ್ಲಿ ಹಿಂದೆಬಿದ್ದರು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರಕ್ಕೆ ಒಪ್ಪಿತು. ಅಲ್ಲಿ ಪ್ರಯೋಗವಾಗಿ ಹೇಳಿದ ಮಾತನ್ನು ನಮ್ಮಲ್ಲಿ ಪ್ರೀತಿಯಿಂದಲೇ ದಿನಾ ಹೇಳುವ ಮನೆಗಳಿವೆ.

ಮನೆಮದ್ದಿನ ಬಗ್ಗೆಯೂ ಹೇಳಬೇಕು. ಬಜೆ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ತಿಕ್ಕುವುದು ನಮ್ಮಲ್ಲಿ ಹಳೆಯ ರೂಢಿ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬೆರೆಸದಂತೆ ತಡೆದರು. ವರ್ಷ ತುಂಬದ ಮಗುವಿಗೆ ಜೇನೂ ಅಪಾಯ. ಬಾಯಲ್ಲಿ ಬೆಣಚುಕಲ್ಲು ಇಟ್ಟು ಓದಿಸಿದರೆ ಅದು ಗಂಟಲಲ್ಲಿ ಸಿಕ್ಕಬಹುದು. ನಾಲಿಗೆಯಡಿಯ ತಂತು ಕತ್ತರಿಸಿದರೆ ಉಗ್ಗು ಹೋಗುವುದಿಲ್ಲ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖ್ ನಾಲಿಗೆಯನ್ನೇ ಕೊಯ್ದು ನೋಡಿದ್ದರು, ಅದರಿಂದ ನೋವಲ್ಲದೆ ಬೇರೇನೂ ಸಿಗಲಿಲ್ಲ. ‘21 ದಿನದಲ್ಲಿ ಗ್ಯಾರಂಟಿ’ ಎನ್ನುವ ಶಿಬಿರಗಳು ಇವಕ್ಕಿಂತ ದುಬಾರಿ. ಪದಗಳನ್ನು ತುಂಬ ಎಳೆದು, ನಿಮಿಷಕ್ಕೆ ಅರವತ್ತು ಅಕ್ಷರದಂತೆ ಮಾತಾಡಿಸಿದರೆ ಯಾರಿಗೂ ಕೆಲವೇ ದಿನದಲ್ಲಿ ಉಗ್ಗು ಇಳಿಯುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ. ಊರಿಗೆ ಮರಳಿ, ಅವಸರದ ಜನರ ನಡುವೆ ಆ ಎಳೆತ ಉಳಿಸಿಕೊಳ್ಳಲಾಗದೆ ಒಂದೆರಡು ತಿಂಗಳಲ್ಲಿ ಉಗ್ಗು ಹಿಂತಿರುಗುತ್ತದೆ. ಆಗ ದುಡ್ಡಿನ ಜೊತೆ ‘ನನ್ನಲ್ಲೇ ಶ್ರಮವಿಲ್ಲ’ ಎಂಬ ನಾಚಿಕೆಯೂ ಸೇರುತ್ತದೆ.

ನಿಜವಾದ ಚಿಕಿತ್ಸೆ ಹೀಗೆ ಭರವಸೆ ಕೊಡುವುದಿಲ್ಲ. ಸ್ವರದಿಂದ ಶುರುವಾಗುವ ಪದಕ್ಕೆ ಮೊದಲು ಚೂರು ಗಾಳಿ ಬಿಟ್ಟು ಧ್ವನಿ ಹೊರಡಿಸುವುದು, ‘ಪ, ಬ, ಮ’ಗಳಿಗೆ ತುಟಿಗಳನ್ನು ಹಗುರವಾಗಿ ತಾಗಿಸುವುದು ಮೊದಲ ಪಾಠ. ಉಗ್ಗಿದ ಪದ ಮುಗಿದ ಮೇಲೆ ಎರಡು ಮೂರು ಸೆಕೆಂಡು ನಿಂತು, ಬಿಗಿತ ಎಲ್ಲಿತ್ತೆಂದು ಗಮನಿಸಿ, ಅದೇ ಪದವನ್ನು ಸಡಿಲವಾಗಿ ಮತ್ತೆ ಹೇಳುವುದು ಮುಂದಿನದು. ಅದು ಪಳಗಿದರೆ ತಡೆಯ ನಡುವಿನಲ್ಲೇ ನೂಕಾಟ ನಿಲ್ಲಿಸಿ ಮೆಲ್ಲಗೆ ಜಾರಿ ಹೊರಬರಲು ಸಾಧ್ಯ. ಬೇಕೆಂದೇ ಅಂಗಡಿಯಲ್ಲಿ ಹಗುರಾಗಿ ಉಗ್ಗುವ ಅಭ್ಯಾಸವೂ ಇದೆ, ಅದರಿಂದ ಬಚ್ಚಿಡುವ ಹಟ ಸಡಿಲುತ್ತದೆ. ‘ನಾನು ಉಗ್ಗುತ್ತೇನೆ, ಸ್ವಲ್ಪ ಸಮಯ ಬೇಕು’ ಎಂದು ಸಂದರ್ಶನದ ಶುರುವಿನಲ್ಲೇ ಹೇಳಿದವರಿಗೆ ತಡೆಗಳು ಬಂದರೂ ಬಿಗಿತ ಕಡಿಮೆ. ದೊಡ್ಡವರಾದ ಮೇಲೆ ಉಗ್ಗು ಪೂರ್ತಿ ಹೋಗುವುದು ವಿರಳ, ಆದರೆ ಉಗ್ಗುತ್ತಲೇ ಹೇಳಬೇಕಾದದ್ದನ್ನೆಲ್ಲ ಹೇಳುವುದು ಎಲ್ಲರಿಗೂ ಸಾಧ್ಯ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಬದುಕಿನುದ್ದಕ್ಕೂ ಉಗ್ಗುತ್ತಲೇ ಭಾಷಣ ಮಾಡಿದರು, ಜನ ಕಾದು ಕೇಳಿದರು.

ಚಿಕಿತ್ಸಕರನ್ನು ಹುಡುಕುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ರಾಜ್ಯದ ಭಾಗ್ಯ, ಅಲ್ಲಿ ಕನ್ನಡದಲ್ಲೇ ಪರೀಕ್ಷೆ, ಚಿಕಿತ್ಸೆ ನಡೆಯುತ್ತವೆ. ಮೈಸೂರು ದೂರವಾದವರು ತಮ್ಮ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ವಾಕ್ ಚಿಕಿತ್ಸಕರ ಹುದ್ದೆ ಇರಬೇಕು, 18 ವರ್ಷದ ತನಕ ಸೇವೆ ಉಚಿತ. ಹುದ್ದೆ ಖಾಲಿ ಇದ್ದರೆ ಅದನ್ನು ನಿಮ್ಮ ಪತ್ರಿಕೆಗೆ ಬರೆದು ತಿಳಿಸಲಿ.

ಕೊನೆಗೆ ಪತ್ರಿಕೆಗೇ ಒಂದು ಮನವಿ. ಉತ್ತರ ಕೊಡಲಾರದ ಮಂತ್ರಿಯನ್ನು ‘ತೊದಲಿದರು’ ಎಂದು ಶೀರ್ಷಿಕೆಯಲ್ಲಿ ಬರೆಯುವುದನ್ನು ಬಿಡಿ. ಉಗ್ಗನ್ನು ಸುಳ್ಳಿಗೂ ಅಳುಕಿಗೂ ಗುರುತಾಗಿ ಬಳಸಿದ ಹಾಗಾಗುತ್ತದೆ. ಹಾಸ್ಯ ಅಂಕಣಗಳಲ್ಲಿ ಅಡ್ಡಗೆರೆ ಹಾಕಿ ಒಡೆದ ಮಾತುಗಳೂ ಬೇಡ. ಅಕ್ಟೋಬರ್ 22ರ ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನದಂದು ಒಂದು ಲೇಖನ ಬಂದರೆ ಒಳ್ಳೆಯದೇ, ಆದರೆ ಶಾಲೆ ತೆರೆಯುವ ಜೂನ್ ಮೊದಲ ವಾರದಲ್ಲಿ ಬಂದರೆ ಶಿಕ್ಷಕರಿಗೆ ಅದೇ ದಿನ ಬಳಕೆಗೆ ಬರುತ್ತದೆ. ಉಗ್ಗುವವರನ್ನು ನಿಮ್ಮ ವರದಿಗಾರರು ಫೋನಿನಲ್ಲಿ ಮಾತಾಡಿಸುವಾಗ ಆ ಕಡೆ ಮೌನವಿದ್ದರೆ ಕರೆ ಕತ್ತರಿಸದೆ ಕಾಯಲಿ. ನೇರ ಭೇಟಿ ಬೇಕೇ, ಬರೆದು ಕಳಿಸುವಿರಾ ಎಂದು ಮೊದಲೇ ಕೇಳಲಿ.

ಇಂತಿ,
ಉಗ್ಗುವವರ ಸ್ವಸಹಾಯ ಗುಂಪಿನ ಗೆಳೆಯರು ಮತ್ತು ವಾಕ್ ಚಿಕಿತ್ಸಕರು, ಮೈಸೂರು